ಹರ್ನಿಯಾ ಎಂಬ ಪದದ ಊರು ಯಾವುದು?

ಕಳೆದ ಸಂಚಿಕೆಗೆ ಲೇಖನ ಕೊಡುತ್ತೇನೆಂದು ಮಾತು ಕೊಟ್ಟು ತಪ್ಪಿಸಿಕೊಂಡಿದ್ದೆ. ಈ ಸಲ ಸಂಪಾದಕರು ಬಿಡಲಿಲ್ಲ. ಆದ್ದರಿಂದ ಒಂದೇ ಒಂದು ಪದದ ಚರಿತ್ರೆಯನ್ನು ಬರೆಯುತ್ತಿದ್ದೇನೆ. ಪದ ಸ್ವಲ್ಪ ಸಂಕೋಚ ತರುವಂಥದು. ಆದರೆ ಆ ಸಂಕೋಚವೇ ಈ ಲೇಖನಕ್ಕೆ ಕಾರಣ. ಹಾಗಾಗಿ ಮನೆಯ ಹಿರಿಯರಿಗೂ ಇದನ್ನು ಓದಿ ಹೇಳಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ನಮ್ಮ ವಾಕೋದಲ್ಲಿರುವ ಸ್ನೇಹಿತರೊಬ್ಬರ ತಂದೆ ಊರಿನಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದರು. ಹಾಸನದ ಕಡೆಯವರು, ಎಪ್ಪತ್ತು ದಾಟಿದವರು, ಗಟ್ಟಿ ಆಳು. ರೈಲ್ವೆ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಅವರು ಪಕ್ಕಕ್ಕೆ ತಿರುಗಿ ಪಂಚೆಯ ಮೇಲಿಂದಲೇ ತೊಡೆಸಂದನ್ನು ಒತ್ತಿಕೊಳ್ಳುವುದನ್ನು ಮಗ ಗಮನಿಸಿದರು. ಬಹಳ ಬಲವಂತ ಮಾಡಿದ ಮೇಲೆ ಬಾಯಿಬಿಟ್ಟರು: "ಏನಿಲ್ಲ ಮಗಾ, ಅಂಡವಾಯು. ಹನ್ನೊಂದು ವರ್ಷದಿಂದ ಐತೆ." ಮಗನಿಗೆ ಅದು ಹರ್ನಿಯಾ ಎಂದು ಗೊತ್ತಾಯಿತು. ಮರುದಿನವೇ ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ, ತಮಗೆ ಬರುವ ಜಪಾನಿ ಭಾಷೆಯಲ್ಲಿ "ತಂದೆಗೆ ಹೆರುನಿಯಾ" ಎಂದರು. ಕೌಂಟರಿನ ಹೆಣ್ಣುಮಗಳು ಬಹಳ ಕನಿಕರದಿಂದ ತನ್ನ ಸೊಂಟವನ್ನು ಮುಟ್ಟಿ ತೋರಿಸಿ, ಮೂಳೆ ಡಾಕ್ಟರ ಬಳಿಗೆ ಕಳಿಸಿದಳು. ಅಲ್ಲಿ ಯಜಮಾನರನ್ನು ಮಲಗಿಸಿ ಕಾಲು ಎತ್ತಿಸಿದರು, ಬೆನ್ನಿನ ಎಕ್ಸ್-ರೇ ತೆಗೆದರು. ನಾಚಿಕೆಯ ಮನುಷ್ಯ, ಇವರು ಏನು ಮಾಡಿದರೂ ಸುಮ್ಮನಿದ್ದರು. ಸಂಜೆ ಮನೆಗೆ ಬಂದದ್ದು ಬೆನ್ನಿಗೆ ಅಂಟಿಸುವ ಒಂದು ಕಟ್ಟು ಔಷಧದ ಪಟ್ಟಿಗಳೊಂದಿಗೆ. ಆ ರಾತ್ರಿ ನನಗೆ ಫೋನು ಬಂತು: "ಡಾಕ್ಟ್ರೇ, ಈ ದೇಶದಲ್ಲಿ ಹರ್ನಿಯಾಕ್ಕೆ ಬೆನ್ನಿಗೆ ಪಟ್ಟಿ ಹಾಕ್ತಾರಾ?"

ತಪ್ಪು ಕ್ಲಿನಿಕ್ಕಿನದಲ್ಲ, ಮಗನದೂ ಅಲ್ಲ. ತಪ್ಪು ಆ ಪದದ್ದು. ಜಪಾನಿನಲ್ಲಿ ಜನಸಾಮಾನ್ಯರು ಬರೇ "ಹೆರುನಿಯಾ" ಎಂದರೆ ಬೆನ್ನುಹುರಿಯ ಪಕ್ಕದ ಡಿಸ್ಕ್ ಜಾರಿದೆ ಎಂದು ಅರ್ಥ. ನಮ್ಮೂರಿನಲ್ಲಿ ಹರ್ನಿಯಾ ಎಂದರೆ ತೊಡೆಸಂದಿನ ಗಂಟು. ಒಂದೇ ಪದ ಎರಡು ದೇಶಗಳಲ್ಲಿ ಮೈಯ ಎರಡು ಕಡೆ ಹೋಗಿ ಕುಳಿತಿದೆ. ಇದು ಹೇಗಾಯಿತು?

ರೋಮನ್ನರ ಕರುಳು

ಹರ್ನಿಯಾ ಲ್ಯಾಟಿನ್ ಪದ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಸೆಲ್ಸಸ್ ಎಂಬುವನು ವೈದ್ಯದ ಮೇಲೆ ಎಂಟು ಭಾಗಗಳ ಗ್ರಂಥ ಬರೆದ. ಅವನ ಪ್ರಕಾರ ಗ್ರೀಕರು ಈ ಭಾಗದ ಊತಗಳನ್ನು ಬೇರೆ ಬೇರೆಯಾಗಿ ಹೆಸರಿಸುತ್ತಿದ್ದರು. ಕರುಳು ಇಳಿದರೆ ಒಂದು ಹೆಸರು, ನೀರು ತುಂಬಿದರೆ ಇನ್ನೊಂದು. ಗ್ರೀಕಿನಲ್ಲಿ 'ಕೀಲೆ' ಎಂದರೆ ಊತ. ನಾವು ಇಂದಿಗೂ ಹೇಳುವ ಹೈಡ್ರೋಸೀಲ್ ಎಂಬ ಪದದಲ್ಲಿರುವ ಬಾಲ ಅದೇ. ನೀರಿನ ಊತ ಎಂದರ್ಥ. ರೋಮನ್ನರಿಗೆ ಅಷ್ಟೆಲ್ಲ ತಾಳ್ಮೆಯಿರಲಿಲ್ಲ. ಎಲ್ಲಕ್ಕೂ ಸೇರಿಸಿ ಹರ್ನಿಯಾ ಎಂದುಬಿಟ್ಟರು.

ಆ ಪದದ ಬೇರು ಎಲ್ಲಿದೆ? ಗ್ರೀಕಿನಲ್ಲಿ ಮೊಳಕೆ, ಚಿಗುರು ಎಂಬ ಅರ್ಥದ 'ಎರ್ನೋಸ್' ಎಂಬ ಪದವಿದೆ, ಅದರಿಂದ ಬಂತು ಎಂದು ಹಲವರು ಹೇಳುವುದುಂಟು. ಗಂಟು ಮೊಳಕೆಯಂತೆ ಹೊರಡುವುದರಿಂದ ಕೇಳಲು ಸೊಗಸಾಗಿದೆ. ಆದರೆ ಭಾಷಾಶಾಸ್ತ್ರಜ್ಞರು ಒಪ್ಪುವ ಮೂಲ ಬೇರೆ. ಹಳೆಯ ಇಂಡೋ-ಯೂರೋಪಿಯನ್ ಭಾಷೆಯಲ್ಲಿ ಕರುಳು ಎಂಬರ್ಥದ ಒಂದು ಧಾತುವಿತ್ತು. ಅದರಿಂದ ಲ್ಯಾಟಿನ್ನಿನಲ್ಲಿ ಹರ್ನಿಯಾ ಬಂತು. ಬಲಿಕೊಟ್ಟ ಪ್ರಾಣಿಯ ಒಳಾಂಗ ನೋಡಿ ಶಕುನ ಹೇಳುತ್ತಿದ್ದ ರೋಮಿನ ಜೋಯಿಸರಿಗೆ 'ಹರುಸ್ಪೆಕ್ಸ್' ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಗ್ರೀಕಿನಲ್ಲಿ ಅದೇ ಬೇರು ಕರುಳಿನ ತಂತಿ ಎಂಬರ್ಥ ಪಡೆದು, ಇಂಗ್ಲಿಷಿನ 'ಕಾರ್ಡ್' ಆಯಿತು. ಇಂಗ್ಲಿಷಿನಲ್ಲಿ ನೂಲಿಗೆ 'ಯಾರ್ನ್' ಎನ್ನುತ್ತಾರಲ್ಲ, ಅದೂ ಇದೇ ಮನೆತನದ್ದು.

ನಮಗೆ ಸಂತೋಷದ ಸಂಗತಿಯೆಂದರೆ ಈ ಮನೆತನದ ಒಬ್ಬಳು ಮಗಳು ನಮ್ಮ ಕಡೆಗೂ ಬಂದಿದ್ದಾಳೆ. ಅಥರ್ವವೇದದಲ್ಲಿ ರಕ್ತಸ್ರಾವ ನಿಲ್ಲಿಸುವ ಒಂದು ಸೂಕ್ತವಿದೆ. ಅದರಲ್ಲಿ ಧಮನಿಯ ಜೊತೆಗೆ 'ಹಿರಾ' ಎಂಬ ಪದ ಬರುತ್ತದೆ. ರಕ್ತನಾಳ ಎಂದು ಅರ್ಥ. ಹಿರಾ ಮತ್ತು ಹರ್ನಿಯಾ ದೂರದ ಅಕ್ಕತಂಗಿಯರು.

ಒಂದು ಮಾತು ಗಮನಿಸಿ. ಮೂಲದಲ್ಲಿ ಹರ್ನಿಯಾ ಎಂದರೆ ಕರುಳಿಗೆ ಸಂಬಂಧಿಸಿದ್ದು ಎಂದಷ್ಟೆ. ಅದು ಯಾಕೆ ಬಂತು, ಹೇಗೆ ಬಂತು ಎಂಬ ಬಗ್ಗೆ ಪದ ಏನನ್ನೂ ಹೇಳುವುದಿಲ್ಲ. ಹೀಗೆ ಮೌನವಾಗಿದ್ದುದೇ ಅದಕ್ಕೆ ಒಳ್ಳೆಯದಾಯಿತು. ಯಾಕೆಂದರೆ ಕಾರಣವನ್ನೂ ಸೇರಿಸಿ ಹೇಳಹೊರಟ ಹೆಸರುಗಳೆಲ್ಲ ಮುಂದೆ ಪೇಚಿಗೆ ಸಿಕ್ಕಿಕೊಂಡವು.

ಹರಿಯಿತು ಎಂದವರು

ಎರಡನೆಯ ಶತಮಾನದ ಗ್ಯಾಲೆನ್ ಎಂಬ ಮಹಾವೈದ್ಯ, ಹೊಟ್ಟೆಯ ಒಳಪೊರೆ ಹರಿದು ಕರುಳು ಹೊರಬರುತ್ತದೆ ಎಂದು ತಿಳಿದಿದ್ದ. ಅವನ ಮಾತು ಯೂರೋಪಿನಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ವೇದವಾಕ್ಯವಾಗಿತ್ತು. ಅದರಿಂದಲೇ ಇಂಗ್ಲಿಷಿನಲ್ಲಿ ಈ ಕಾಯಿಲೆಗೆ ಹರಿತ ಎಂಬರ್ಥದ 'ರಪ್ಚರ್' ಎಂಬ ಹೆಸರು ರೂಢಿಗೆ ಬಂತು. ಜರ್ಮನರು ಮುರಿತ ಎಂಬರ್ಥದ 'ಬ್ರುಖ್' ಎಂದರು.

ಹದಿನೆಂಟನೆಯ ಶತಮಾನದಲ್ಲಿ ಹೆಣ ಕೊಯ್ದು ನೋಡಿದ ಅಂಗರಚನಾ ಶಾಸ್ತ್ರಜ್ಞರಿಗೆ ಕಂಡದ್ದೇ ಬೇರೆ. ಒಳಪೊರೆ ಹರಿದಿರುವುದಿಲ್ಲ. ಅದು ಚೀಲದಂತೆ ಕರುಳಿನ ಜೊತೆಗೇ ಹೊರಗೆ ಬಂದಿರುತ್ತದೆ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1756ರಲ್ಲಿ ಈ ಕುರಿತು ಪುಸ್ತಕವನ್ನೇ ಬರೆದ. ಗಂಡುಮಗು ತಾಯಿಯ ಹೊಟ್ಟೆಯಲ್ಲಿರುವಾಗ ಅದರ ಬೀಜಗಳು ಹೊಟ್ಟೆಯೊಳಗಿನಿಂದ ಒಂದು ಕಿರಿದಾದ ದಾರಿಯಲ್ಲಿ ಕೆಳಗೆ ಇಳಿಯುತ್ತವೆ. ಹಿಂದೆ ಆ ದಾರಿ ಮುಚ್ಚಿಕೊಳ್ಳಬೇಕು. ಮುಚ್ಚದೆ ಉಳಿದರೆ ಮಗುವಿಗೇ ಹರ್ನಿಯಾ ಬರುತ್ತದೆ. ಮುಚ್ಚಿದರೂ ಆ ಜಾಗ ಜೀವಮಾನವಿಡೀ ಸ್ವಲ್ಪ ದುರ್ಬಲವೇ. ವಯಸ್ಸಾದ ಮೇಲೆ ಭಾರ ಎತ್ತಿಯೋ, ವರ್ಷಗಟ್ಟಲೆ ಕೆಮ್ಮಿಯೋ, ಮುಕ್ಕಿಯೋ ಅದು ಸಡಿಲವಾಗುತ್ತದೆ. 1804ರಲ್ಲಿ ಆಸ್ಟ್ಲಿ ಕೂಪರ್ ಎಂಬ ಇನ್ನೊಬ್ಬ ಶಸ್ತ್ರವೈದ್ಯ ತನ್ನ ದೊಡ್ಡ ಗ್ರಂಥದ ಮೊದಲ ಭಾಗ ಪ್ರಕಟಿಸುವ ಹೊತ್ತಿಗೆ, ಒಳಗಿನ ಅಂಗ ತನ್ನ ಸ್ವಸ್ಥಾನದಿಂದ ಹೊರಕ್ಕೆ ಚಾಚಿಕೊಳ್ಳುವುದೇ ಹರ್ನಿಯಾ ಎಂಬ ವಿವರಣೆ ನಿಂತಿತು. ಆ ಅಂಗ ಕರುಳೇ ಆಗಬೇಕೆಂದಿಲ್ಲ, ಜಾಗ ತೊಡೆಸಂದೇ ಆಗಬೇಕೆಂದಿಲ್ಲ. ಜಠರದ ತುದಿ ವಪೆಯ ರಂಧ್ರದಿಂದ ಎದೆಗೂಡಿಗೆ ನುಸುಳಿದರೂ ಹರ್ನಿಯಾ, ಹೊಕ್ಕುಳು ಉಬ್ಬಿದರೂ ಹರ್ನಿಯಾ.

ಸುಶ್ರುತ ಕಂಡದ್ದು

ಇನ್ನು ನಮ್ಮ ಮನೆಯ ಕಡೆ ಬರೋಣ. ಸುಶ್ರುತ ಸಂಹಿತೆಯ ನಿದಾನಸ್ಥಾನದ ಹನ್ನೆರಡನೆಯ ಅಧ್ಯಾಯದಲ್ಲಿ ಏಳು ಬಗೆಯ 'ವೃದ್ಧಿ'ಗಳನ್ನು ಹೇಳಿದೆ: ವಾತ, ಪಿತ್ತ, ಕಫ, ರಕ್ತ, ಮೇದಸ್ಸು, ಮೂತ್ರ ಮತ್ತು ಆಂತ್ರ. ಮೂತ್ರವೃದ್ಧಿ ಎಂಬುದು ನಮ್ಮ ಹೈಡ್ರೋಸೀಲ್. ಆಂತ್ರವೃದ್ಧಿಯೇ ಹರ್ನಿಯಾ. ಭಾರ ಹೊರುವುದರಿಂದ, ತನಗಿಂತ ಬಲಶಾಲಿಯ ಜೊತೆ ಸೆಣಸುವುದರಿಂದ, ಮರದಿಂದ ಬೀಳುವುದರಿಂದ ವಾಯು ಕೆರಳಿ, ಸಣ್ಣ ಕರುಳಿನ ಒಂದು ಭಾಗವನ್ನು ಹಿಡಿದುಕೊಂಡು ತೊಡೆಸಂದಿಗೆ ಬಂದು ಗಂಟಾಗಿ ನಿಲ್ಲುತ್ತದೆ. ಉಪೇಕ್ಷೆ ಮಾಡಿದರೆ ಬೀಜದ ಚೀಲಕ್ಕೆ ಇಳಿಯುತ್ತದೆ. ಗಾಳಿ ತುಂಬಿದ ಚೀಲದಂತೆ ಉದ್ದಕ್ಕೆ ಊದಿಕೊಳ್ಳುತ್ತದೆ. ಒತ್ತಿದರೆ ಶಬ್ದ ಮಾಡುತ್ತ ಮೇಲೆ ಹೋಗುತ್ತದೆ, ಬಿಟ್ಟರೆ ಮತ್ತೆ ಬಂದು ತುಂಬಿಕೊಳ್ಳುತ್ತದೆ ಎಂದು ಅಲ್ಲಿ ವಿವರಿಸಿದೆ.

ನಾನು ಎಂ.ಬಿ.ಬಿ.ಎಸ್. ಓದುವಾಗ ಸರ್ಜರಿ ಪರೀಕ್ಷೆಯಲ್ಲಿ ಹರ್ನಿಯಾ ಕೇಸು ಬಂದರೆ ಪುಣ್ಯವೆಂದುಕೊಳ್ಳುತ್ತಿದ್ದೆವು. "ಕೆಮ್ಮಿ ಅಜ್ಜಾ" ಎಂದು ಬೆರಳಿಟ್ಟು ನೋಡುವುದು, ಮಲಗಿಸಿ ಗಂಟು ಒಳಗೆ ಹೋಗುತ್ತದೆಯೋ ನೋಡುವುದು, ಹೋಗುವಾಗ ಗುಳುಗುಳು ಶಬ್ದ ಬಂತೆ ಎಂದು ಹೇಳುವುದು. ಆ ಶಬ್ದ ಬಂದರೆ ಒಳಗಿರುವುದು ಕರುಳು ಎಂದು ಖಾತ್ರಿ. ಇಂಗ್ಲಿಷ್ ಪುಸ್ತಕದಿಂದ ಬಾಯಿಪಾಠ ಮಾಡಿದ ಈ ಲಕ್ಷಣವನ್ನೇ ಸುಶ್ರುತ ಎಂದೋ ಬರೆದಿಟ್ಟಿದ್ದಾನೆ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ, ಪರದೇಶದಲ್ಲಿ ರೆಸಿಡೆನ್ಸಿ ಮುಗಿಸಿದ ನಂತರ. ಇದನ್ನು ಹೆಮ್ಮೆಗಾಗಿ ಮಾತ್ರ ಹೇಳುತ್ತಿಲ್ಲ. ಚೀಲಕ್ಕೆ ಇಳಿದ ಆಂತ್ರವೃದ್ಧಿ ತನ್ನಿಂದ ವಾಸಿಯಾಗದು ಎಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆಯೂ ಅಲ್ಲಿದೆ. ತೊಡೆಸಂದಿನಲ್ಲೇ ಇರುವುದಕ್ಕೆ ಮಾತ್ರ ಅರ್ಧಚಂದ್ರಾಕಾರದ ಸಲಾಕೆಯಿಂದ ಸುಡುವ ಚಿಕಿತ್ಸೆ ಹೇಳಿದ್ದಾನೆ.

ನೋಡಿದ್ದು ಅಷ್ಟು ನಿಖರ. ಆದರೆ ಕಾರಣ ಹೇಳುವಾಗ ವಾಯು ಬಂತು. ಇಲ್ಲಿಂದಲೇ ನಮ್ಮ ಕನ್ನಡದ ಹೆಸರಿನ ಕಥೆ.

ಅಂಡವಾಯು ಮತ್ತು ಅವರೆಕಾಳು

ಅಂಡವಾಯು ಎಂಬ ಹೆಸರಿನಲ್ಲಿ ಎರಡು ಮಾತುಗಳಿವೆ, ಎರಡೂ ದಾರಿ ತಪ್ಪಿಸುತ್ತವೆ. ಆಯುರ್ವೇದದ ವಾಯು ಎಂದರೆ ಚಲನೆಗೆ ಕಾರಣವಾದ ಶಕ್ತಿ, ದೊಡ್ಡ ತತ್ತ್ವ. ಅಡುಗೆಮನೆಗೆ ಬರುವಷ್ಟರಲ್ಲಿ ಅದು ಹೊಟ್ಟೆಯ ಗ್ಯಾಸ್ ಆಯಿತು. ಹಾಸನದ ಯಜಮಾನರು ಹನ್ನೊಂದು ವರ್ಷ ಮಾಡಿದ ಚಿಕಿತ್ಸೆ ಏನು ಗೊತ್ತೆ? ಆಲೂಗಡ್ಡೆ ಬಿಟ್ಟರು, ಕಡಲೆಬೇಳೆ ಬಿಟ್ಟರು, ಪ್ರಾಣವಾಗಿದ್ದ ಅವರೆಕಾಳನ್ನೂ ಬಿಟ್ಟರು. ಇಂಗು, ಜೀರಿಗೆ ಕಷಾಯ ಕುಡಿದರು. ಲಂಗೋಟಿ ಬಿಗಿದುಕೊಂಡರು. ಜೊತೆಗೆ ಐವತ್ತು ಕಿಲೋ ಗೊಬ್ಬರದ ಚೀಲವನ್ನೂ ಹೊರುತ್ತಿದ್ದರು! ವಾಯು ಎಂಬ ಹೆಸರು ಅವರನ್ನು ಅವರೆಕಾಳಿನಿಂದ ದೂರವಿಟ್ಟಿತು, ಗೊಬ್ಬರದ ಚೀಲದಿಂದ ಇಡಲಿಲ್ಲ.

ಇನ್ನೊಂದು ಮಾತು ಅಂಡ. ಕನ್ನಡದಲ್ಲಿ ಕರುಳು ಇಳಿದದ್ದಕ್ಕೂ ನೀರು ತುಂಬಿದ್ದಕ್ಕೂ ಜನ ಅಂಡವಾಯು ಎಂದೇ ಹೇಳುವುದು, ರೋಮನ್ನರ ಹಾಗೆಯೇ. ನಮ್ಮ ಕರಾವಳಿಯಲ್ಲಿ, ಬೀದರ್ ಕಲಬುರಗಿ ಕಡೆ ಆನೆಕಾಲು ರೋಗದ ಹುಳುವಿನಿಂದ ನೀರು ತುಂಬಿದ ಊತಗಳು ಬಹಳ ಇದ್ದವು. ಜಪಾನಿನಲ್ಲೂ ಇತ್ತು. ಉಯೆನೋ ಉದ್ಯಾನದಲ್ಲಿ ನಾಯಿ ಹಿಡಿದು ನಿಂತಿರುವ ಸೈಗೋ ತಕಾಮೋರಿಯ ಪ್ರತಿಮೆ ನೀವೆಲ್ಲ ನೋಡಿದ್ದೀರಿ. ದಕ್ಷಿಣದ ದ್ವೀಪಗಳಲ್ಲಿ ಗಡೀಪಾರಾಗಿದ್ದಾಗ ಆತನಿಗೆ ಈ ರೋಗ ತಗುಲಿತೆಂದೂ, 1877ರ ದಂಗೆಯಲ್ಲಿ ಸತ್ತಾಗ ತಲೆಯಿಲ್ಲದ ಆತನ ದೇಹವನ್ನು ಆ ಊತದಿಂದಲೇ ಗುರುತಿಸಿದರೆಂದೂ ಚರಿತ್ರೆ ಬರೆದವರು ಹೇಳುತ್ತಾರೆ. ಅಂಥ ವೀರನೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ, ನಮ್ಮ ಹಿರಿಯರು ನಾಚಿಕೊಳ್ಳುವುದೇಕೆ?

ಆದರೆ ನಾಚಿಕೆಗಿಂತ ದೊಡ್ಡ ಅಪಾಯ ಬೇರೊಂದಿದೆ. ಅಂಡ ಎಂದ ಮೇಲೆ ಅದು ಗಂಡಸರ ಕಾಯಿಲೆ ಎಂದು ಎಲ್ಲರೂ ತಿಳಿಯುತ್ತಾರೆ. ತೊಡೆಸಂದಿನ ಸಾಧಾರಣ ಹರ್ನಿಯಾ ಗಂಡಸರಲ್ಲೇ ಹೆಚ್ಚು, ನಿಜ. ಇಂಗ್ಲೆಂಡಿನಲ್ಲಿ 1996ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ ಜೀವಮಾನದಲ್ಲಿ ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ಗಂಡಸರಲ್ಲಿ ಶೇ. 27, ಹೆಂಗಸರಲ್ಲಿ ಶೇ. 3. ಆದರೆ ಅದೇ ಜಾಗಕ್ಕಿಂತ ತುಸು ಕೆಳಗೆ, ತೊಡೆಯ ದೊಡ್ಡ ರಕ್ತನಾಳದ ಪಕ್ಕದಲ್ಲಿ ಬರುವ ಹರ್ನಿಯಾ ಹೆಂಗಸರಲ್ಲೇ ಹೆಚ್ಚು. ಅದರ ದಾರಿ ಬಿಗಿ, ಅಂಚು ಗಟ್ಟಿ. ಅದರಲ್ಲಿ ಕರುಳು ಸಿಕ್ಕಿಹಾಕಿಕೊಂಡು ರಕ್ತ ಓಡಾಟ ನಿಲ್ಲುವ ಸಂಭವ ಬಹಳ ಹೆಚ್ಚು. ವಯಸ್ಸಾದ ತಾಯಂದಿರು ಅದನ್ನು ಗಡ್ಡೆ ಎಂದೋ ಕೊಬ್ಬು ಎಂದೋ ತಿಳಿದು ಸೀರೆಯ ಮರೆಯಲ್ಲಿಟ್ಟುಕೊಂಡಿರುತ್ತಾರೆ. ಹೆಸರು ಗಂಡಸಿನದಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಹಸುಳೆ ಹೆಣ್ಣುಮಕ್ಕಳಿಗೂ ತೊಡೆಸಂದಿನ ಹರ್ನಿಯಾ ಬರುತ್ತದೆ. ಅವರಲ್ಲಿ ಎಷ್ಟೋ ಸಲ ಇಳಿದಿರುವುದು ಕರುಳಲ್ಲ, ಅಂಡಾಶಯ. ವಿಚಿತ್ರ ನೋಡಿ, ಅಂಡವಾಯುವಿನ 'ಅಂಡ' ಅಕ್ಷರಶಃ ಸರಿಹೊಂದುವುದು ನಾವು ಊಹಿಸಿಯೇ ಇರದ ಆ ಹೆಣ್ಣುಕೂಸಿಗೆ!

ನಮ್ಮ ಹಳ್ಳಿಯವರ ಇನ್ನೊಂದು ಮಾತಿದೆ: "ಕರುಳು ಜಾರಿದೆ." ನನ್ನ ಮಟ್ಟಿಗೆ ಎಲ್ಲ ಹೆಸರುಗಳಿಗಿಂತ ಇದೇ ಸತ್ಯಕ್ಕೆ ಹತ್ತಿರ. ಹರಿದಿಲ್ಲ, ಬೆಳೆದಿಲ್ಲ, ಗಾಳಿ ತುಂಬಿಲ್ಲ. ಇದ್ದ ಜಾಗದಿಂದ ಜಾರಿದೆ, ಅಷ್ಟೆ.

ಜಪಾನಿನ ಇಲಿದಾರಿ

ಜಪಾನಿನಲ್ಲಿ ಹಿಂದೆ ಕೆಳಹೊಟ್ಟೆ, ತೊಡೆಸಂದು, ಬೀಜದ ಎಲ್ಲ ನೋವು ಊತಗಳಿಗೂ 'ಸೆಂಕಿ' ಎನ್ನುತ್ತಿದ್ದರು. ಚೀನಾದಿಂದ ಬಂದ ಹೆಸರು. ಅಲ್ಲಿ ಇಂದಿಗೂ ಹರ್ನಿಯಾಕ್ಕೆ ಅದೇ ಅಕ್ಷರ. ಅದರ 'ಕಿ' ಎಂಬುದು ನಮ್ಮ ವಾಯುವಿನ ನಂಟನೇ. ಹೊಟ್ಟೆಯೊಳಗಿನ ಹುಳು ಸೆಂಕಿ ತರುತ್ತದೆ ಎಂಬ ನಂಬಿಕೆಯೂ ಇತ್ತು. ಆ ಹುಳುವಿನ ಮೇಲೆ ಒಂದು ರಾಕುಗೋ ಹಾಸ್ಯಕಥೆಯೇ ಇದೆ. ಆಡುಮಾತಿನಲ್ಲಿ 'ದಚ್ಚೋ' ಎನ್ನುತ್ತಾರೆ. ಕಾಂಜಿ ಕಲಿಯುತ್ತಿರುವ ನಿಮ್ಮ ಮಕ್ಕಳನ್ನು ಕೇಳಿ: ಮೊದಲ ಅಕ್ಷರ ಕಳಚಿಕೊಳ್ಳುವುದು, ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಅದೇ ಅಕ್ಷರ, ಎರಡನೆಯದು ಕರುಳು. ಕರುಳು ಕಳಚಿತು! ನಮ್ಮ "ಕರುಳು ಜಾರಿದೆ"ಗೆ ಎಷ್ಟು ಹತ್ತಿರ. ತೊಡೆಸಂದಿಗೆ ವೈದ್ಯರು ಹೇಳುವ ಪದ 'ಸೋಕೇ', ಅಕ್ಷರಗಳ ಅರ್ಥ ಇಲಿಯ ದಾರಿ. ಬೀಜ ಇಳಿಯುವ ಆ ಕಿರಿದಾದ ಓಣಿಯನ್ನು ಇಲಿ ಓಡಾಡುವ ದಾರಿಗೆ ಹೋಲಿಸಿದ್ದಾರೆ ಎಂದು ಹೇಳುತ್ತಾರೆ.

1774ರಲ್ಲಿ ಸುಗಿತಾ ಗೆಂಪಾಕು ಮತ್ತು ಗೆಳೆಯರು ಡಚ್ ಭಾಷೆಯ ಅಂಗರಚನಾ ಗ್ರಂಥವನ್ನು ಅನುವಾದಿಸಿದಾಗ ನರಕ್ಕೆ 'ಶಿಂಕೇ' ಮುಂತಾದ ಹೊಸ ಪದಗಳನ್ನು ಕಟ್ಟಿದರು. ಹರ್ನಿಯಾಕ್ಕೆ ಮಾತ್ರ ಆ ಭಾಗ್ಯ ದಕ್ಕಲಿಲ್ಲ. 1870ರಲ್ಲಿ ಸರ್ಕಾರ ಜರ್ಮನ್ ವೈದ್ಯಪದ್ಧತಿಯನ್ನು ಒಪ್ಪಿಕೊಂಡಿತು, ಮರುವರ್ಷ ಇಬ್ಬರು ಜರ್ಮನ್ ವೈದ್ಯರು ತೋಕಿಯೋಗೆ ಬಂದರು. ಇಲ್ಲಿನ ಆಸ್ಪತ್ರೆಯಲ್ಲಿ ಕೇಸ್‌ಶೀಟಿಗೆ 'ಕಾರುತೆ' ಎನ್ನುವುದು ಆ ಕಾಲದ ಜರ್ಮನ್ ಋಣ. ಹರ್ನಿಯಾ ಎಂಬ ಲ್ಯಾಟಿನ್ ಪದವೂ ವೈದ್ಯರ ಭಾಷೆಯಲ್ಲಿ 'ಹೆರುನಿಯಾ' ಆಗಿ ಕತಕಾನಾದಲ್ಲೇ ಉಳಿಯಿತು.

ಬೆನ್ನಿಗೆ ಹೋದದ್ದು ಹೇಗೆ? 1934ರಲ್ಲಿ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ವೈದ್ಯರು, ಬೆನ್ನುಮೂಳೆಗಳ ನಡುವಿನ ಬಿಲ್ಲೆಯ ಒಳಗಿನ ಮೆತ್ತನೆಯ ವಸ್ತು ಹೊರಚಾಚಿ ನರವನ್ನು ಒತ್ತುವುದರಿಂದ ಕಾಲಿಗೆ ಇಳಿಯುವ ನೋವು ಬರುತ್ತದೆ ಎಂದು ತೋರಿಸಿಕೊಟ್ಟರು. ಒಳಗಿನದು ಹೊರಬಂದಿದೆ, ಆದ್ದರಿಂದ ಅದೂ ಹರ್ನಿಯಾ. ಜಪಾನಿನಲ್ಲಿ ಅದರ ಪೂರ್ಣ ಹೆಸರು 'ತ್ಸುಯಿಕಾಂಬಾನ್ ಹೆರುನಿಯಾ'. ಇಷ್ಟುದ್ದ ಯಾರು ಹೇಳುತ್ತಾರೆ? ತಲೆ ಕತ್ತರಿಸಿ ಹೆರುನಿಯಾ ಎಂದರು. ತೊಡೆಸಂದಿನದಕ್ಕೆ ದಚ್ಚೋ ಎಂಬ ಹೆಸರು ಮೊದಲೇ ಇತ್ತಲ್ಲ, ಹಾಗಾಗಿ ಇಲ್ಲಿನವರಿಗೆ ಗೊಂದಲವಿಲ್ಲ. ಗೊಂದಲ ನಮಗೆ.

ತಿಳಿದಿರಬೇಕಾದ ನಾಲ್ಕು ಮಾತು

ತೊಡೆಸಂದಿನ ಗಂಟಿಗೆ ಇಲ್ಲಿ 'ಸೋಕೇ ಹೆರುನಿಯಾ' ಅಥವಾ 'ದಚ್ಚೋ' ಎನ್ನಿ, 'ಗೆಕಾ' ಎಂಬ ಸರ್ಜರಿ ವಿಭಾಗಕ್ಕೆ ಹೋಗಿ. 'ಸೇಕೇ ಗೆಕಾ' ಎಂದರೆ ಮೂಳೆಯ ವಿಭಾಗ. ಸಂಕೋಚವಾದರೆ ಮಾತು ಬೇಡ, ಬೆರಳಿಟ್ಟು ತೋರಿಸಿ.

ಒಳಗೆ ಹೋಗುತ್ತಿದ್ದ ಗಂಟು ಹೋಗದೆ ನಿಂತು, ಗಟ್ಟಿಯಾಗಿ ನೋಯುತ್ತ, ವಾಂತಿ ಶುರುವಾದರೆ ಕಾಯಬೇಡಿ, ಒತ್ತಿ ನೋಡಬೇಡಿ. 119ಕ್ಕೆ ಕರೆ ಮಾಡಿ. ಕರುಳಿಗೆ ರಕ್ತ ನಿಂತರೆ ಉಳಿಯುವುದು ಗಂಟೆಗಳ ಲೆಕ್ಕ.

ಹಸುಳೆಯ ಹೊಕ್ಕುಳು ಉಬ್ಬಿದ್ದರೆ, ಜಪಾನಿಯರು 'ದೆಬೆಸೊ' ಎನ್ನುವುದು, ಗಾಬರಿ ಬೇಡ. ಬಹುತೇಕ ತಾನಾಗಿ ಮುಚ್ಚುತ್ತದೆ. ನಮ್ಮಜ್ಜಿಯರು ನಾಣ್ಯ ಇಟ್ಟು ಕಟ್ಟುತ್ತಿದ್ದರು. ಚರ್ಮ ಹುಣ್ಣಾಗುತ್ತದೆ, ಬೇಡ. ಇಲ್ಲಿನ ಹಲವು ಮಕ್ಕಳ ವೈದ್ಯರು ಹತ್ತಿಯ ಉಂಡೆಯಿಟ್ಟು ಪಟ್ಟಿ ಹಾಕುತ್ತಾರೆ, ಅವರನ್ನೇ ಕೇಳಿ. ಆದರೆ ಹಸುಳೆಯ ತೊಡೆಸಂದಿನ ಗಂಟು ತಾನಾಗಿ ಹೋಗುವುದೆಂದು ಕಾಯುವಂಥದಲ್ಲ, ಬೇಗ ತೋರಿಸಬೇಕು.

ಶಸ್ತ್ರಚಿಕಿತ್ಸೆಯ ಭಯವೂ ಬೇಡ. ಇಟಲಿಯ ಬಸ್ಸೀನಿ 1887ರಲ್ಲಿ ಆ ದುರ್ಬಲ ಗೋಡೆಯನ್ನು ಪದರ ಪದರವಾಗಿ ಹೊಲಿಯುವ ವಿಧಾನ ತೋರಿಸಿಕೊಟ್ಟ. 1989ರಲ್ಲಿ ಅಮೆರಿಕದ ಲಿಕ್ಟೆನ್‌ಸ್ಟೈನ್ ಮತ್ತು ಸಂಗಡಿಗರು, ಎಳೆದು ಹೊಲಿಯುವ ಬದಲು ಜಾಲರಿ ಇಟ್ಟು ಮುಚ್ಚುವ ಕ್ರಮವನ್ನು ವಿವರಿಸಿ ಬರೆದರು. ಈಗ ಅದು ಲೋಕವೆಲ್ಲ ನಡೆಯುವ ಮಾಮೂಲು ಕೆಲಸ.

ಮುಗಿಸುವ ಮುನ್ನ ಮತ್ತೆ ಸೆಲ್ಸಸ್. ಗುಹ್ಯ ಭಾಗದ ಕಾಯಿಲೆಗಳ ಅಧ್ಯಾಯ ಶುರುಮಾಡುವಾಗ ಅವನಿಗೂ ಸಂಕೋಚವಾಗಿತ್ತು. ಗ್ರೀಕ್ ಪದಗಳಾದರೆ ಸಹಿಸಬಹುದು, ನಮ್ಮ ಭಾಷೆಯ ಪದಗಳು ಒರಟು ಎಂದು ಹೇಳಿಕೊಂಡಿದ್ದಾನೆ. ನಾವು ತಾಯ್ನುಡಿಯ ಪದ ಬಿಟ್ಟು ಇಂಗ್ಲಿಷಿನ ಮರೆಗೆ ಹೋಗುವಂತೆಯೇ! ಆದರೂ ಬರೆದ. ಇತರರಿಗೆ ತೋರಿಸಲು ಅತಿ ಹಿಂಜರಿಯುವ ಕಾಯಿಲೆಯ ಚಿಕಿತ್ಸೆಯನ್ನೇ ಎಲ್ಲರೂ ತಿಳಿದಿರಬೇಕು ಎಂಬುದು ಅವನು ಕೊಟ್ಟ ಕಾರಣ.

ಹಾಸನದ ಯಜಮಾನರು ಊರಿಗೆ ಮರಳಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಮೊನ್ನೆ ಮಗನ ಫೋನಿನಲ್ಲಿ ನನ್ನೊಡನೆಯೂ ಮಾತನಾಡಿದರು. ಕಾಯಿಲೆಯ ವಿಷಯ ಎತ್ತಲಿಲ್ಲ. "ಡಾಕ್ಟ್ರೇ, ಈ ವರ್ಷ ಅವರೆಕಾಯಿ ಸೊಗಡು ಚೆನ್ನಾಗೈತೆ, ಹಿತಕಿದ ಬೇಳೆ ಸಾರು ದಿನಾ" ಎಂದರು. ನನಗೆ ಅಷ್ಟು ಸಾಕಾಯಿತು.